ಕೆನರಾ ಎಂಬ ಜಿಲ್ಲೆಯೊಂದಿತ್ತು

ಕಳೆದ ತಿಂಗಳು ಒಂದೇ ವಾರದಲ್ಲಿ ಇಬ್ಬರು ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದ್ದರು. ಮೊದಲನೆಯವನು ಕುಣಿಗಲ್ಲಿನವನು. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಭೂಪಟದ ನದಿಗಳಿಗೆಲ್ಲ ಹಸಿರು ಬಣ್ಣ ಬಳಿದು ನನ್ನಿಂದ ಬೈಸಿಕೊಂಡವನು. ಈಗ ಜಮೀನಿನ ವ್ಯವಹಾರದಲ್ಲಿ ಚೆನ್ನಾಗಿಯೇ ಇದ್ದಾನೆ. "ಮೇಷ್ಟ್ರೇ, ರಾಮನಗರಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ನಮ್ಮ ಕುಣಿಗಲ್ಲನ್ನೂ ಅದಕ್ಕೇ ಸೇರಿಸಿದರೆ ನಮಗೆ ಒಳ್ಳೆಯದಲ್ಲವೇ? ಎಕರೆಗೆ ಬೆಲೆ ಎಷ್ಟಾಗುತ್ತದೆ ನೀವೇ ಯೋಚಿಸಿ" ಎಂದ. ಎರಡನೆಯವಳು ಗುಬ್ಬಿಯಲ್ಲಿ ನನ್ನ ಬಳಿ ಓದಿ, ಪಾವಗಡ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವಳು. ಅತ್ತೆಯವರ ಒಂದು ಪ್ರಮಾಣಪತ್ರದ ಸಹಿಗಾಗಿ ತುಮಕೂರಿಗೆ ಬಂದು, ಅಧಿಕಾರಿಗಳು ಸಭೆಗೆ ಹೋಗಿದ್ದಾರೆಂದು ತಿಳಿದು, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದಳು. "ಸಾರ್, ಮಧುಗಿರಿಯಾದರೂ ಜಿಲ್ಲೆಯಾದರೆ ನಮಗೆ ಅರ್ಧ ದಾರಿ ಉಳಿಯುತ್ತಿತ್ತು" ಎಂದಳು. ಬಸ್ಸಿನ ಸದ್ದಿನಲ್ಲಿಯೂ ಅವಳ ದಣಿವು ನನಗೆ ಕೇಳಿಸಿತು.

ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ: "ಸ್ವಲ್ಪ ಕಾಲ ಕೊಡಿ, ಬರೆದು ತಿಳಿಸುತ್ತೇನೆ." ತಕ್ಷಣ ಉತ್ತರ ತೋಚದಿದ್ದಾಗ "ಅದು ನಾಳೆಯ ಪಾಠದಲ್ಲಿ ಬರುತ್ತದೆ" ಎಂದು ಜಾರಿಕೊಳ್ಳುವುದು ಮೇಷ್ಟ್ರುಗಳ ಹಳೆಯ ಉಪಾಯ. ಆದರೆ ಈ ಸಲ ಪಾಠವನ್ನು ನಿಜವಾಗಿಯೂ ಸಿದ್ಧಪಡಿಸಿದ್ದೇನೆ. ಉತ್ತರ ಹುಡುಕಲು ನಾನು ಹೋದದ್ದು ಮಾತ್ರ ನಮ್ಮ ಬಯಲುಸೀಮೆಗಲ್ಲ, ಘಟ್ಟದ ಕೆಳಗಿನ ಕರಾವಳಿಗೆ. ಏಕೆಂದರೆ ಜಿಲ್ಲೆಯೊಂದನ್ನು ಕತ್ತರಿಸುವುದು, ಅಂಟಿಸುವುದು, ಹೆಸರು ಬದಲಿಸುವುದು ಇವೆಲ್ಲದರ ಫಲವನ್ನು ಇನ್ನೂರು ವರ್ಷ ಉಂಡ ಜಿಲ್ಲೆ ಕರ್ನಾಟಕದಲ್ಲಿ ಯಾವುದಾದರೂ ಇದ್ದರೆ ಅದು ಹಿಂದಿನ ಕೆನರಾ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಸಾಮಾನು ಕೋಣೆಯಲ್ಲಿ, ಬಟ್ಟೆಯ ಮೇಲೆ ಅಂಟಿಸಿದ ಮದ್ರಾಸ್ ಪ್ರಾಂತ್ಯದ ಹಳೆಯ ಭೂಪಟವೊಂದು ಇತ್ತು. ಇಲಿಗಳು ಅದರ ಒಂದು ಮೂಲೆಯನ್ನು ಮೆದ್ದಿದ್ದರೂ ಪಶ್ಚಿಮದ ಅಂಚು ಉಳಿದಿತ್ತು. ಪೂರ್ವ ಸಮುದ್ರದ ಮದ್ರಾಸು ಎಲ್ಲಿ, ಪಶ್ಚಿಮ ಸಮುದ್ರದ ಮಂಗಳೂರು ಎಲ್ಲಿ! ಎರಡರ ನಡುವೆ ಮೈಸೂರು ಸಂಸ್ಥಾನ ಅಡ್ಡಲಾಗಿ ಮಲಗಿದೆ. ಆದರೂ ಎರಡಕ್ಕೂ ಒಂದೇ ಬಣ್ಣ ಬಳಿದಿದ್ದರು. ಅದಕ್ಕೆ ತಾಗಿ ಮೇಲಿರುವ ಕಾರವಾರದ ಕಡೆಗೆ ಬೇರೆ ಬಣ್ಣ. ಅದು ಮುಂಬಯಿ ಪ್ರಾಂತ್ಯ. "ಇದೇಕೆ ಹೀಗೆ ಸಾರ್?" ಎಂದು ಹುಡುಗನೊಬ್ಬ ಕೇಳಿದ್ದ. ಅಂದು ನಾನು ಹೇಳಿದ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದರ್ಧವನ್ನು ಈಗ ಹೇಳುತ್ತೇನೆ.

ಮೊದಲು ನೆಲದ ವಿಷಯ. ಉತ್ತರದಲ್ಲಿ ಗೋವೆಯ ಗಡಿ, ದಕ್ಷಿಣದಲ್ಲಿ ನೀಲೇಶ್ವರದ ಆಚೆಗೆ ಮಲಬಾರಿನ ಗಡಿ, ಪೂರ್ವದಲ್ಲಿ ಸಹ್ಯಾದ್ರಿಯ ಗೋಡೆ, ಪಶ್ಚಿಮದಲ್ಲಿ ಕಡಲು. ಇದು ಹಳೆಯ ಕೆನರಾದ ಚೌಕಟ್ಟು. ಈ ಉದ್ದನೆಯ ಪಟ್ಟಿಯನ್ನು ನದಿಗಳು ಅಡ್ಡಡ್ಡಲಾಗಿ ಸೀಳುತ್ತವೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯಲ್ಲಿ ಕೂಡುವ ನದಿಗಳು, ಸೀತಾ, ಸ್ವರ್ಣಾ, ಫಲ್ಗುಣಿ, ನೇತ್ರಾವತಿ, ಪಯಸ್ವಿನಿ. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಅದೇ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಎರಡೂ ವರ್ಷದ ಬಹುಭಾಗ ಒಣಗಿಯೇ ಇರುವುದರಿಂದ ಯಾವ ಹೊಳೆಯೂ ನಮ್ಮನ್ನು ದಡದಲ್ಲಿ ತಡೆದು ನಿಲ್ಲಿಸಲಿಲ್ಲ. ಕರಾವಳಿಯವನಿಗೆ ಸೇತುವೆಗಳು ಬರುವ ಮುನ್ನ ಹತ್ತು ಮೈಲಿ ಉತ್ತರಕ್ಕೆ ಹೋಗಬೇಕಾದರೂ ದೋಣಿ ಬೇಕಾಗಿತ್ತು. ಅಲ್ಲಿನ ದಾರಿಗಳೆಲ್ಲ ನದಿಯ ಜೊತೆಯಲ್ಲಿ ಪೂರ್ವ–ಪಶ್ಚಿಮವಾಗಿ ಘಟ್ಟ ಹತ್ತುತ್ತಿದ್ದವು. ಘಟ್ಟದ ಮೇಲಿನ ಅಡಿಕೆ, ಮೆಣಸು, ಅಕ್ಕಿ ಕೆಳಗಿಳಿಯುತ್ತಿತ್ತು. ಉಪ್ಪು, ಒಣಮೀನು, ತೆಂಗು ಮೇಲೇರುತ್ತಿತ್ತು. ಆದ್ದರಿಂದ ಅಂಕೋಲೆಯವನಿಗೆ ಮಂಗಳೂರಿಗಿಂತ ಹುಬ್ಬಳ್ಳಿ ಹತ್ತಿರ. ಮಂಗಳೂರಿನವನಿಗೆ ಕಾರವಾರಕ್ಕಿಂತ ಮಡಿಕೇರಿ ಹತ್ತಿರ. ನೆಲ ಒಂದು ದಿಕ್ಕಿಗೆ ಎಳೆಯುತ್ತಿದ್ದರೆ ಸರಕಾರದ ಕಾಗದ ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ವಿಜಯನಗರದ ಅರಸರು ಈ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿಯೇ ಆಳಿದರು. ಬಳಿಕ ಕೆಳದಿಯ ನಾಯಕರು ಘಟ್ಟದ ಮೇಲಿನಿಂದಲೇ ಕರಾವಳಿಯನ್ನು ಆಳಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕಡಲ ಬಂದರುಗಳೂ ಅವನ ಕೈ ಸೇರಿದವು. ಮೈಸೂರಿಗೆ ಸಮುದ್ರ ದೊರೆತದ್ದು ಹಾಗೆ. ಹೋದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ. ಈಸ್ಟ್ ಇಂಡಿಯಾ ಕಂಪನಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿತಾದರೂ ಕರಾವಳಿಯನ್ನು ತಾನೇ ಇಟ್ಟುಕೊಂಡಿತು. ಕೆನರಾ ಎಂಬ ಹೆಸರು ಪೋರ್ಚುಗೀಸರ ಬಾಯಿಂದ ಬಂದದ್ದು. 'ಕನ್ನಡ'ವೇ ಅವರ ನಾಲಿಗೆಯಲ್ಲಿ ಹಾಗಾಯಿತು. ಕಂಪನಿಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವನು ಅಲ್ಲಿದ್ದದ್ದು ಒಂದು ವರ್ಷಕ್ಕೆ ಸ್ವಲ್ಪ ಮೇಲೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ–ಕಡಪದ ಸೀಮೆಗೆ ಅವನನ್ನು ವರ್ಗ ಮಾಡಿದರು. ಈ ಹೆಸರನ್ನು ನೆನಪಿಡಿ, ಪಾವಗಡದ ಮಾತು ಬರುವಾಗ ಅವನು ಮತ್ತೆ ಬರುತ್ತಾನೆ.

ಕೆನರಾದ ಗಡಿ ಅಲ್ಲಿಂದಾಚೆಗೆ ನಾಲ್ಕು ಸಲ ಮುಖ್ಯವಾಗಿ ಬದಲಾಯಿತು. ನಾಲ್ಕೂ ನಾಲ್ಕು ಬಗೆಯ ಪಾಠಗಳು.

ಮೊದಲನೆಯದು 1834. ಕೊಡಗಿನ ಕೊನೆಯ ಅರಸನನ್ನು ಪದಚ್ಯುತಗೊಳಿಸಿದ ಕಂಪನಿಯು, ಕೊಡಗಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿತು. ಭೂಪಟದಲ್ಲಿ ನೋಡಿದರೆ ಇದು ಸರಿಯೆಂದೇ ತೋರುತ್ತದೆ. ಘಟ್ಟದ ಕೆಳಗಿನದು ಘಟ್ಟದ ಕೆಳಗಿನದಕ್ಕೆ ಸೇರಿತಲ್ಲ! ಆದರೆ ರೈತರು ಅದುವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು; ಕಂಪನಿಗೆ ರೊಕ್ಕವೇ ಬೇಕಾಗಿತ್ತು. ನಗದು ಎಲ್ಲಿಂದ ತರಬೇಕು? ಸಾಲಗಾರನ ಬಳಿಗೆ ಹೋಗಬೇಕು. ಮೂರು ವರ್ಷ ಕಳೆಯುವುದರೊಳಗೆ, 1837ರ ಏಪ್ರಿಲಿನಲ್ಲಿ, ಸುಳ್ಯದ ಕಡೆಯಿಂದ ಹೊರಟ ದಂಡು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತು. ಜನ ಅದನ್ನು ಕಲ್ಯಾಣಪ್ಪನ ಕಾಟಕಾಯಿ ಎಂದರು. ಇಂದು ಅಮರ ಸುಳ್ಯ ಹೋರಾಟವೆಂದು ಗೌರವಿಸುತ್ತಾರೆ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಗಡಿಯ ಜೊತೆಯಲ್ಲಿ ಲೆಕ್ಕದ ಪುಸ್ತಕವೂ ಬದಲಾಗುತ್ತದೆ ಎಂಬುದನ್ನು ಕಂಪನಿಯ ಅಧಿಕಾರಿಗಳು ರೈತನ ಕಡೆಯಿಂದ ಯೋಚಿಸಿರಲಿಲ್ಲ.

ಎರಡನೆಯದು 1860–62. ಆಡಳಿತಕ್ಕೆ ಬಲು ಉದ್ದವಾಯಿತೆಂದು ಕೆನರಾವನ್ನು ಉತ್ತರ, ದಕ್ಷಿಣವೆಂದು ಎರಡು ಮಾಡಿದರು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. ಕಾರಣ ಕೇಳಿದರೆ ಅಚ್ಚರಿಯಾಗುತ್ತದೆ: ಅಮೆರಿಕದ ಅಂತರ್ಯುದ್ಧ. 1861ರಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯಿಲ್ಲದಂತಾಯಿತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂದರು. ಧಾರವಾಡ ಮುಂಬಯಿಯ ಕೈಯಲ್ಲಿ, ಕಾರವಾರ ಮದ್ರಾಸಿನ ಕೈಯಲ್ಲಿ ಇದ್ದರೆ ಕೆಲಸ ಸಾಗದು. ಆದ್ದರಿಂದ ಗಡಿಯನ್ನೇ ಸರಿಸಿದರು. ಹೊನ್ನಾವರದಿಂದ ಜಿಲ್ಲಾ ಕೇಂದ್ರವೂ ಕಾರವಾರಕ್ಕೆ ಹೋಯಿತು. ಕುಂದಾಪುರ ತಾಲ್ಲೂಕು ಮಾತ್ರ ಎರಡು ವರ್ಷ ಉತ್ತರದಲ್ಲಿದ್ದು ಮತ್ತೆ ದಕ್ಷಿಣಕ್ಕೆ ಉಳಿಯಿತು. ಮುಂದೇನಾಯಿತು? 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಅವಸರವೂ ಮುಗಿಯಿತು. 1880ರ ದಶಕದಲ್ಲಿ ರೈಲು ಬಂದದ್ದು ಪೋರ್ಚುಗೀಸರ ಮರ್ಮಗೋವೆಗೆ, ಕಾರವಾರಕ್ಕಲ್ಲ. ಕಾರವಾರ ರೈಲು ಕಂಡದ್ದು ಕೊಂಕಣ ರೈಲ್ವೆ ಬಂದ 1990ರ ದಶಕದಲ್ಲಿ. ಹುಬ್ಬಳ್ಳಿ–ಅಂಕೋಲಾ ಮಾರ್ಗವಂತೂ ಇಂದಿಗೂ ಪೂರ್ಣಗೊಂಡಿಲ್ಲ. ಯಾವ ಲಾಭಕ್ಕಾಗಿ ಗಡಿ ಬದಲಾಯಿತೋ ಆ ಲಾಭ ಬರಲಿಲ್ಲ. ಗಡಿ ಮಾತ್ರ ಉಳಿಯಿತು. ನೆರೆಹೊರೆಯ ಹೊನ್ನಾವರ ಮತ್ತು ಕುಂದಾಪುರದವರು ಸುಮಾರು ತೊಂಬತ್ತು ವರ್ಷ ಬೇರೆ ಬೇರೆ ಪ್ರಾಂತ್ಯದ ಪ್ರಜೆಗಳಾಗಿ, ಬೇರೆ ಬೇರೆ ಕಾನೂನು ಮತ್ತು ಪಠ್ಯಪುಸ್ತಕಗಳೊಡನೆ ಬದುಕಿದರು. ಕುಣಿಗಲ್ಲಿನ ನನ್ನ ಶಿಷ್ಯನು ಈ ಕಂಡಿಕೆಯನ್ನು ಎರಡು ಬಾರಿ ಓದಬೇಕೆಂದು ವಿನಂತಿ.

ಮೂರನೆಯದು 1956ರ ನವೆಂಬರ್ 1. ಇದು ನಮಗೆಲ್ಲ ಹಬ್ಬದ ದಿನ. ಉತ್ತರ ಕೆನರಾ ಮುಂಬಯಿಯಿಂದ, ದಕ್ಷಿಣ ಕೆನರಾ ಮದ್ರಾಸಿನಿಂದ ಬಿಡಿಸಿಕೊಂಡು ಒಂದೇ ರಾಜ್ಯಕ್ಕೆ ಬಂದವು. ಆದರೆ ಅದೇ ದಿನ ದಕ್ಷಿಣ ಕೆನರಾ ಎರಡು ಅಂಗಗಳನ್ನು ಕಳೆದುಕೊಂಡಿತು. ಒಂದು, ಕಡಲಿನೊಳಗಿನ ಅಮಿನಿದೀವಿ ದ್ವೀಪಗಳು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಈ ದ್ವೀಪಗಳ ಆಡಳಿತ 1799ರಿಂದಲೂ ಮಂಗಳೂರಿನ ಕಲೆಕ್ಟರರದಾಗಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು. ಅವು ಈಗಿನ ಲಕ್ಷದ್ವೀಪದ ಪಾಲಾದವು. ಇನ್ನೊಂದು ಕಾಸರಗೋಡು. ರಾಜ್ಯ ಪುನರ್ವಿಂಗಡಣಾ ಆಯೋಗವು ಇಡೀ ತಾಲ್ಲೂಕನ್ನು ಕೇರಳಕ್ಕೆ ಕೊಟ್ಟಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದಿತು; ಅದು ಜಾರಿಯಾಗಲಿಲ್ಲ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಯವರು 1963ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದಲ್ಲಿತ್ತು. ಕಯ್ಯಾರ ಕಿಞ್ಞಣ್ಣ ರೈಗಳು ಅದೇ ಕೊರಗಿನಲ್ಲಿ ನೂರು ವರ್ಷ ಬಾಳಿ 2015ರಲ್ಲಿ ಹೋದರು. ಕಾಸರಗೋಡು ಮೊದಲು ಕಣ್ಣೂರು ಜಿಲ್ಲೆಯ ಭಾಗವಾಗಿದ್ದು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು.

ನಾನು ಬಿ.ಎಡ್. ಓದುವಾಗ ಮಂಜೇಶ್ವರದ ಕಡೆಯ ಸಹಪಾಠಿಯೊಬ್ಬನಿದ್ದ. ಅವನ ತಂದೆ ಒಳ್ಳೆಯ ಓದುಗರು, ಯಕ್ಷಗಾನದ ಅರ್ಥಧಾರಿ. ಆದರೆ ಸರಕಾರದಿಂದ ಮನೆಗೆ ಬರುವ ಮಲಯಾಳದ ಕಾಗದವನ್ನು ಓದಿಸಿಕೊಳ್ಳಲು ಪಕ್ಕದ ಮನೆಯ ಹುಡುಗನನ್ನು ಕೂಗಬೇಕಾಗಿತ್ತಂತೆ. "ಅಷ್ಟು ಓದಿದ ಮನುಷ್ಯ ತನ್ನ ಜಗಲಿಯಲ್ಲಿ ಕುಳಿತೇ ನಿರಕ್ಷರಿಯಾದರು" ಎಂದು ಆ ಗೆಳೆಯ ಒಮ್ಮೆ ಹೇಳಿದ. ಹಾಸ್ಟೆಲಿನ ಆ ಸಂಜೆ ಯಾರೂ ಮಾತನಾಡಲಿಲ್ಲ. ಮಲಯಾಳ ಭಾಷೆಯ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ, ಚೆನ್ನಾಗಿ ಮಾತನಾಡುತ್ತಿದ್ದ. ಕೇಳದೆ ಗೆರೆ ಎಳೆದರಲ್ಲ ಎಂಬುದಷ್ಟೇ ಅವನ ನೋವು.

ನಾಲ್ಕನೆಯದು 1997ರ ಆಗಸ್ಟ್. ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳನ್ನು ಸೇರಿಸಿ ಉಡುಪಿ ಜಿಲ್ಲೆಯನ್ನು ಮಾಡಿದರು. ಅದೇ ಕಾಲದಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರಗಳೂ ಜಿಲ್ಲೆಗಳಾದವು. ಆ ವರ್ಷ ಗುಬ್ಬಿಯಲ್ಲಿ ನನ್ನ ಎಂಟನೆಯ ತರಗತಿಯವರು "ಇಪ್ಪತ್ತು ಜಿಲ್ಲೆ" ಎಂದು ಬಾಯಿಪಾಠ ಮಾಡಿದ್ದನ್ನು ಅರ್ಧ ವರ್ಷದಲ್ಲಿ "ಇಪ್ಪತ್ತೇಳು" ಎಂದು ತಿದ್ದಿಸಬೇಕಾಯಿತು. ಉಡುಪಿಯದು ಸುಖವಾದ ವಿಭಜನೆ ಎಂದು ನನ್ನ ಅಭಿಪ್ರಾಯ. ಯುದ್ಧವಿಲ್ಲ, ಹತ್ತಿಯಿಲ್ಲ; ಕುಂದಾಪುರದವನು ಮಂಗಳೂರಿಗೆ ಹೋಗಿ ಬರುವ ದಿನ ಉಳಿಯಿತು. ಜನರು ಬೇರೆಯಾಗಲೂ ಇಲ್ಲ. ಯಕ್ಷಗಾನ ಮೇಳಗಳು, ದೇವಸ್ಥಾನಗಳ ಸೀಮೆ, ಮದುವೆಯ ಸಂಬಂಧಗಳು ಗಡಿ ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಅಣ್ಣತಮ್ಮಂದಿರ ಈ ಪೈಪೋಟಿಯನ್ನು ನಾವು ಇಲ್ಲಿಂದ ಹೊಟ್ಟೆಕಿಚ್ಚಿನಿಂದ ನೋಡುತ್ತೇವೆ.

ಕೆನರಾ ಎಂಬ ಜಿಲ್ಲೆ ಈಗಿಲ್ಲ. ಆದರೆ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಬ್ಯಾಂಕಿನ ಫಲಕದಲ್ಲಿ ಆ ಹೆಸರು ಭಾರತದ ಊರೂರಲ್ಲಿದೆ. ನನ್ನ ಪಿಂಚಣಿಯೂ ಅದೇ ಹೆಸರಿನ ಬ್ಯಾಂಕಿನಲ್ಲಿ ಬರುತ್ತದೆ! ಹೆಸರೆಂಬುದು ಸರಕಾರದ ಆದೇಶಕ್ಕಿಂತ ದೀರ್ಘಾಯುಷಿ.

ಈಗ ನಮ್ಮ ಮನೆಗೆ ಬರೋಣ. ತುಮಕೂರು ಜಿಲ್ಲೆಯೇನೂ ಬ್ರಹ್ಮ ಬರೆದದ್ದಲ್ಲ. 1687ರಲ್ಲಿ ಮೊಘಲರು ಈ ಕಡೆಯ ಸುಬಾಕ್ಕೆ ರಾಜಧಾನಿ ಮಾಡಿಕೊಂಡದ್ದು ಶಿರಾವನ್ನು, ತುಮಕೂರನ್ನಲ್ಲ. 1831ರಲ್ಲಿ ಬ್ರಿಟಿಷ್ ಕಮಿಷನರರ ಆಡಳಿತ ಬಂದಾಗ ತುಮಕೂರು ಚಿತ್ರದುರ್ಗ ವಿಭಾಗದಲ್ಲಿತ್ತು. ಆ ವಿಭಾಗದ ಅಧಿಕಾರಿಯಾಗಿ ಬಹುಕಾಲ ಇದ್ದ ಡಾಬ್ಸ್‌ನ ಹೆಸರು ಡಾಬಸ್‌ಪೇಟೆಯಲ್ಲಿ ಇಂದಿಗೂ ಬಸ್ಸು ನಿಲ್ಲಿಸುತ್ತದೆ. 1863ರ ಸುಮಾರಿಗೆ ಬೆಂಗಳೂರು, ಕೋಲಾರಗಳೊಡನೆ ನಂದಿದುರ್ಗ ವಿಭಾಗಕ್ಕೆ ಬಂದೆವು. 1880ರ ದಶಕದಲ್ಲಿ ಕೆಲವು ವರ್ಷ ಚಿತ್ರದುರ್ಗವೇ ತುಮಕೂರಿನ ಉಪವಿಭಾಗವಾಗಿತ್ತು, ಮತ್ತೆ ಬೇರೆಯಾಯಿತು. ಆದ್ದರಿಂದ "ಅನಾದಿಯಿಂದ ಹೀಗೇ ಇದೆ, ಮುಟ್ಟಬಾರದು" ಎಂಬ ವಾದ ನನ್ನದಲ್ಲ.

ಪಾವಗಡವನ್ನು ನೋಡಿ. ತುಮಕೂರಿನಿಂದ ನೂರು ಕಿಲೋಮೀಟರಿನಷ್ಟು ದೂರ. ಮಧುಗಿರಿಯ ದಾರಿಯಲ್ಲಿ ಹೋದರೆ ನಡುವೆ ಆಂಧ್ರದ ನೆಲವನ್ನು ದಾಟಬೇಕು. ಈ ವಿಚಿತ್ರಕ್ಕೆ ಕಾರಣ ಆ 1800ರ ಹಂಚಿಕೆ. ಮಡಕಶಿರಾ ಸೀಮೆ ನಿಜಾಮನಿಂದ ಕಂಪನಿಗೆ ಹೋಗಿ, ಕೆನರಾ ಬಿಟ್ಟು ಬಂದ ಅದೇ ಮನ್ರೋ ಸಾಹೇಬನ ಕೈಸೇರಿತು. ಪಾವಗಡ ಮೈಸೂರಿನಲ್ಲಿ ಉಳಿಯಿತು. ಮಡಕಶಿರಾ ಬಳ್ಳಾರಿ ಜಿಲ್ಲೆ, ಅನಂತಪುರ ಜಿಲ್ಲೆ ಎಲ್ಲವನ್ನೂ ದಾಟಿ 2022ರಿಂದ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಲ್ಲಿನವರಿಗೆ ಜಿಲ್ಲಾ ಕೇಂದ್ರ ಹತ್ತಿರವಾಗುವಂತೆ ಗೆರೆ ಸರಿಯಿತು; ಪಾವಗಡದ ಸೊಸೆ ಮಾತ್ರ ಇನ್ನೂ ಸಂಜೆಯ ಬಸ್ಸಿನಲ್ಲಿದ್ದಾಳೆ.

ನಮ್ಮ ಜಿಲ್ಲೆಯನ್ನು ನಾವು ಈಗಾಗಲೇ ಮೂರು ಬಗೆಯಲ್ಲಿ ಕತ್ತರಿಸಿದ್ದೇವೆ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಲೋಕಸಭೆಗೆ ಪಾವಗಡ, ಶಿರಾಗಳು ಚಿತ್ರದುರ್ಗಕ್ಕೆ ಮತ ಹಾಕುತ್ತವೆ; ಕುಣಿಗಲ್ 2008ರ ಕ್ಷೇತ್ರ ವಿಂಗಡಣೆಯಿಂದ ಬೆಂಗಳೂರು ಗ್ರಾಮಾಂತರಕ್ಕೆ; ಉಳಿದವು ತುಮಕೂರಿಗೆ. ನಮ್ಮ ಶಿಕ್ಷಣ ಇಲಾಖೆಗೆ ಮಧುಗಿರಿ ಆಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಉತ್ತರ ಕನ್ನಡದಲ್ಲಿಯೂ ಹಾಗೆಯೇ. ಘಟ್ಟದ ಮೇಲಿನ ಶಿರಸಿ ಬೇರೆ ಶೈಕ್ಷಣಿಕ ಜಿಲ್ಲೆ. ಎರಡೂ ಕಂದಾಯ ಜಿಲ್ಲೆಗಳು ಹತ್ತು ಸಾವಿರ ಚದರ ಕಿಲೋಮೀಟರಿಗೆ ಮಿಗಿಲು. 2011ರ ಗಣತಿಯಲ್ಲಿ ಉತ್ತರ ಕನ್ನಡದ ಜನ ಹದಿನಾಲ್ಕು ಲಕ್ಷದ ಮೇಲಿದ್ದರೆ ನಮ್ಮವರು ಇಪ್ಪತ್ತಾರೂವರೆ ಲಕ್ಷಕ್ಕೂ ಹೆಚ್ಚು. ಹತ್ತು ತಾಲ್ಲೂಕುಗಳ ಇಷ್ಟು ಜನಕ್ಕೆ ಒಂದೇ ಜಿಲ್ಲಾ ಕಛೇರಿ.

ಹಾಗಾದರೆ ಕೂಡಲೇ ಎರಡು ಮಾಡಿಬಿಡಬಹುದೇ? ಇಲ್ಲಿ ನನ್ನದೇ ಅನುಭವ ಒಂದನ್ನು ಹೇಳಬೇಕು. ನಿವೃತ್ತಿಯ ಹೊತ್ತಿಗೆ ನನ್ನ ಸೇವಾ ಪುಸ್ತಕದಲ್ಲಿ ಹಳೆಯ ಎರಡು ವರ್ಷಗಳ ನಮೂದು ಸಿಕ್ಕಲಿಲ್ಲ. ಕಛೇರಿಗಳ ವ್ಯಾಪ್ತಿ ಬದಲಾದಾಗ ಕಡತಗಳು ಒಂದರಿಂದ ಇನ್ನೊಂದಕ್ಕೆ ಹೋಗಿದ್ದವಂತೆ. ಈ ಕಛೇರಿಯವರು ಆ ಕಛೇರಿಯತ್ತ ಕೈ ತೋರಿಸಿದರು. ಆ ಕಛೇರಿಯವರು ಈ ಕಡೆ. ಹದಿನಾಲ್ಕು ತಿಂಗಳು ಓಡಾಡಿದೆ. ಕೊನೆಗೆ ಒಬ್ಬ ವಯಸ್ಸಾದ ಗುಮಾಸ್ತರು ಒಂದು ಬೀರುವಿನ ಹಿಂದೆ ಬಿದ್ದಿದ್ದ ಕಟ್ಟನ್ನು ಧೂಳು ಕೊಡವಿ ತೆಗೆದುಕೊಟ್ಟರು. ಯಾರೂ ಕೆಟ್ಟವರಲ್ಲ. ಗೆರೆ ಎಳೆದವರು ಬೀರುವಿನ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೆ. ನನಗೆ ಓದುಬರಹ ಬರುತ್ತಿತ್ತು, ಬಿಡುವಿತ್ತು. ಪೌತಿ ಖಾತೆಗಾಗಿ ಅಲೆಯುವ ಅನಕ್ಷರಸ್ಥ ರೈತನ ಗತಿ ಏನು? 1837ರ ಸುಳ್ಯದ ರೈತನನ್ನು ನಾನು ಇತಿಹಾಸದ ಪಾಠದಲ್ಲಿ ಮೂವತ್ತು ವರ್ಷ ಹೇಳಿಕೊಟ್ಟಿದ್ದೆ; ಅವನು ಅರ್ಥವಾದದ್ದು ಆ ಹದಿನಾಲ್ಕು ತಿಂಗಳಲ್ಲಿ.

ಗಡಿ ಬದಲಾವಣೆ ಕೆಲವು ಸಲ ಆಟವೂ ಆಗುತ್ತದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು. ಎರಡು ದಶಕದ ಬಳಿಕ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಪ್ರತಿಸಲವೂ ಮುದ್ರೆ, ಫಲಕ, ಕಡತ ಎಲ್ಲವೂ ಹೊಸದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಜಿಲ್ಲೆ ಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಅತಿ ದೂರದ ಹಳ್ಳಿಯವನು ಬೆಳಿಗ್ಗೆ ಹೊರಟು ಕೆಲಸ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಲ್ಲನೇ ಎಂಬುದು. ಈ ಪರೀಕ್ಷೆಯಲ್ಲಿ ಮಧುಗಿರಿ ಕಡೆಯ ಬೇಡಿಕೆಗೆ ನ್ಯಾಯವಿದೆ. ಅದು ಉಡುಪಿಯ ಜಾತಿಯದು. ತಿಪಟೂರಿನವರೂ ಶಿರಾದವರೂ ತಮ್ಮೂರೇ ಕೇಂದ್ರವಾಗಲೆಂದು ಕೇಳುತ್ತಾರೆ. ಅವರನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಎರಡನೆಯದಾಗಿ, ಕಛೇರಿಗೆ ಮೊದಲು ಆಸ್ಪತ್ರೆ ಬರಬೇಕು. ಉತ್ತರ ಕನ್ನಡದವರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಿದ್ದಾರೆ. ಅಪಘಾತದ ಗಾಯಾಳುವನ್ನು ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಒಯ್ಯುವ ದಾರಿಯಲ್ಲೇ ಜೀವ ಹೋಗುತ್ತದೆ. ಜಿಲ್ಲಾ ಕೇಂದ್ರವೊಂದು ಇದೆ ಎಂದ ಮಾತ್ರಕ್ಕೆ ಎಲ್ಲವೂ ಇರುವುದಿಲ್ಲ. ಮೂರನೆಯದಾಗಿ, ಕಡತಗಳು ಮೊದಲು ಹೋಗಿ, ಅಧಿಕಾರಿಗಳು ಆಮೇಲೆ ಹೋಗಲಿ. ಇಂದು ದಾಖಲೆಗಳೆಲ್ಲ ಗಣಕಯಂತ್ರದಲ್ಲಿರುವಾಗ ಇದು ಕಷ್ಟವಲ್ಲ.

"ಸೇವೆಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ಹೊಸ ಜಿಲ್ಲೆಯ ಖರ್ಚೇಕೆ?" ಎಂದು ನನ್ನ ತಮ್ಮನ ಮಗ ವಾದಿಸುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಎಲ್ಲ ಸಹಿಯೂ ನಿಜವಾಗಿ ಮೊಬೈಲಿಗೆ ಬಂದ ದಿನ ನಾನು ಈ ಲೇಖನವನ್ನು ತಿದ್ದುತ್ತೇನೆ. ಅಲ್ಲಿಯವರೆಗೆ ಆ ಸಂಜೆಯ ಬಸ್ಸೇ ನನಗೆ ಸಾಕ್ಷಿ.

ಇನ್ನು ಹೆಸರು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರವಾಗಿಸಲು ಸಂಪುಟ ಒಪ್ಪಿತು. ತುಮಕೂರಿಗೂ ಬೆಂಗಳೂರಿನ ಹೆಸರನ್ನು ತಗುಲಿಸುವ ಮಾತು ಕೇಳಿಬಂದಿತು. 2014ರ ನವೆಂಬರ್ 1ರಂದು 'ಟುಮ್ಕೂರ್' ಹೋಗಿ ಇಂಗ್ಲಿಷಿನಲ್ಲಿಯೂ 'ತುಮಕೂರು' ಆದಾಗ ನಾವು ಸಿಹಿ ಹಂಚಿದ್ದೆವು. ನಮ್ಮ ಬಾಯಿಯ ಹೆಸರು ಕಾಗದಕ್ಕೆ ಬಂದಿತಲ್ಲ ಎಂಬ ಸಂತೋಷ ಅದು. ಅಷ್ಟರಲ್ಲೇ ಅದನ್ನು ಕಳೆದುಕೊಳ್ಳಬೇಕೇ? ಕುಣಿಗಲ್ಲಿನ ಶಿಷ್ಯನೇ, ಜಮೀನಿನ ಬೆಲೆ ಏರುವುದು ಮಾರುವವನಿಗೆ ಲಾಭ. ಉಳುವವನಿಗೆ ಅದು ಬರಿಯ ಸಂಖ್ಯೆ. ಕಾರವಾರದ ಹತ್ತಿಯಂತೆ ಬೆಂಗಳ ೂರಿನ ಈ ಅವಸರವೂ ಮುಗಿದರೆ ನಿನ್ನ ಮೊಮ್ಮಗನಿಗೆ ಗಡಿ ಮಾತ್ರ ಉಳಿಯುತ್ತದೆ. ಹಾಗೆಂದು ಕುಣಿಗಲ್ಲಿನವರಿಗೆ ಬೆಂಗಳೂರು ನಿಜವಾಗಿಯೂ ಅನುಕೂಲವೆಂದು ಹೋಬಳಿ ಹೋಬಳಿಯಲ್ಲಿ ಕೇಳಿದ ಮೇಲೆ ತಿಳಿದರೆ, ಸಂತೋಷದಿಂದ ಕಳುಹಿಸಿಕೊಡೋಣ. ಕೇಳುವುದು ಮುಖ್ಯ. ಮಂಜೇಶ್ವರದ ಆ ಜಗಲಿಯಲ್ಲಿ ಯಾರೂ ಕೇಳಿರಲಿಲ್ಲ.

ಕೊನೆಯದಾಗಿ ನೀರು. ಹೇಮಾವತಿಯ ಲಿಂಕ್ ಕಾಲುವೆಯ ವಿಚಾರದಲ್ಲಿ 2024, 2025ರಲ್ಲಿ ಗುಬ್ಬಿಯವರು ಒಂದು ಕಡೆ, ಕುಣಿಗಲ್ಲಿನವರು ಇನ್ನೊಂದು ಕಡೆ ನಿಂತದ್ದನ್ನು ನೋಡಿದಾಗ ನನಗೆ ಬಹಳ ಸಂಕಟವಾಯಿತು. ಎರಡೂ ಕಡೆ ನನ್ನ ಮಕ್ಕಳೇ. ಒಂದೇ ಜಿಲ್ಲೆಯೊಳಗೆ ಇಷ್ಟು ಜಗಳವಾದರೆ, ನಾಳೆ ಎರಡು ಜಿಲ್ಲೆಗಳಾದ ಮೇಲೆ ಒಂದೇ ಮೇಜಿನ ಸುತ್ತ ಕೂರಿಸುವವರು ಯಾರು? ಇನ್ನು ಎತ್ತಿನಹೊಳೆ. ನೇತ್ರಾವತಿಗೆ ಸೇರಬೇಕಾದ ಹಳ್ಳಗಳ 24 ಟಿ.ಎಂ.ಸಿ. ನೀರನ್ನು ಘಟ್ಟದ ಮೇಲಕ್ಕೆತ್ತಿ ನಮ್ಮ ಜಿಲ್ಲೆಯ ಮೂಲಕ ಕೋಲಾರದವರೆಗೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕರಾವಳಿಯವರು ಅದನ್ನು ವಿರೋಧಿಸಿದಾಗ ನಮ್ಮಲ್ಲಿ ಕೆಲವರು "ಸಮುದ್ರಕ್ಕೆ ಹರಿದು ಹೋಗುವ ನೀರು ತಾನೇ" ಎಂದು ಹಗುರವಾಗಿ ಮಾತನಾಡಿದರು. ಆ ನದಿ ಮುಖದಲ್ಲಿ ಮೀನು ಹಿಡಿದು ಬದುಕುವವರಿಗೆ, ಬೇಸಿಗೆಯಲ್ಲಿ ಬಾವಿಗೆ ಉಪ್ಪು ನೀರು ನುಗ್ಗುವ ಹಳ್ಳಿಯವರಿಗೆ ಅದು ಪೋಲಾಗುವ ನೀರಲ್ಲ. ನಮಗೆ ಕುಡಿಯಲು ನೀರು ಬೇಕು, ನಿಜ. ಕೇಳುವಾಗ ನೆರೆಯವನ ಅಂಗಳದ ಭೂಗೋಳವನ್ನೂ ಸ್ವಲ್ಪ ಓದಿಕೊಂಡಿರಬೇಕು.

ಅಂದಹಾಗೆ, ಕಡಬ ಎಂದೊಡನೆ ನಮ್ಮ ಗುಬ್ಬಿ ತಾಲ್ಲೂಕಿನವರಿಗೆ ದೊಡ್ಡ ಕೆರೆಯ ಊರು ನೆನಪಾಗುತ್ತದೆ. ದಕ್ಷಿಣ ಕನ್ನಡದಲ್ಲಿಯೂ ಒಂದು ಕಡಬವಿದೆ. ಈಗ ಅದೇ ಒಂದು ತಾಲ್ಲೂಕು. ನಮ್ಮ ಕಡಬದ ಹುಡುಗನೊಬ್ಬನಿಗೆ ಬರಬೇಕಾದ ನೌಕರಿಯ ಪತ್ರ ಆ ಕಡಬಕ್ಕೆ ಹೋಗಿತ್ತು. ಅಲ್ಲಿನ ಅಂಚೆಯಣ್ಣ ಲಕೋಟೆಯ ಮೇಲೆ "ಇದು ಗುಬ್ಬಿಯ ಕಡಬ ಇರಬೇಕು" ಎಂದು ಕನ್ನಡದಲ್ಲಿ ಬರೆದು ಹಿಂದಕ್ಕೆ ಕಳುಹಿಸಿದ್ದರು. ಹುಡುಗ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಸೇರಿದ. ಆ ಲಕೋಟೆಯನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆ. ಕಳೆದ ಯುಗಾದಿಗೆ ಬಂದಾಗ ನನಗೂ ತೋರಿಸಿದ.